ಬಸ್ಸಿನ ಸಿನಿಮಾದ ಕೊನೆಯ ನಾಲ್ಕು ನಿಮಿಷ

ಜೂನ್ ೩

ಪ್ರೀತಿಯ ಆಪರೇಟರ್ ಮಾಮನಿಗೆ,

ನಮಸ್ಕಾರ. ಮೊದಲು ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಮಗಳು ತೆಗೆದುಕೊಂಡರು. "ಅಪ್ಪಂಗೆ ಫೋನಲ್ಲಿ ಏನೂ ಕೇಳ್ಸಲ್ಲ, ಮೂವತ್ತು ವರ್ಷ ಸಿನಿಮಾ ಮಷೀನ್ ಪಕ್ಕ ನಿಂತಿದ್ದಕ್ಕೆ ಬಂದ ಬಹುಮಾನ. ಕಾಗದ ಬರೀರಿ, ಎರಡೆರಡು ಸಲ ಓದ್ತಾರೆ" ಎಂದರು. ಅದಕ್ಕೇ ಈ ಕಾಗದ.

ಗುರುತು ಸಿಗದಿದ್ದರೆ ಹೇಳಿಬಿಡುತ್ತೇನೆ: ನಾನು ಗೇಟಕ್ಕನ ಮಗಳು, ನೀವು 'ಇಂಟರ್ವಲ್' ಎಂದು ಅಡ್ಡಹೆಸರಿಟ್ಟವಳು. ಅಮ್ಮ ಥಿಯೇಟರಿನ ಹೆಂಗಸರ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದಳು. ಸ್ಕೂಲು ಬಿಟ್ಟು ನಾನು ಅಲ್ಲಿಗೆ ಬರುವ ಹೊತ್ತಿಗೆ ಮ್ಯಾಟಿನಿ ಅರ್ಧ ಮುಗಿದಿರುತ್ತಿತ್ತು. ಖಾಲಿ ಕುರ್ಚಿ ಇದ್ದರೆ ಅಮ್ಮ ಒಳಗೆ ತಳ್ಳುತ್ತಿದ್ದಳು. ಹಾಗಾಗಿ ಬಾಲ್ಯದಲ್ಲಿ ನಾನು ನೋಡಿದ್ದೆಲ್ಲ ಸಿನಿಮಾಗಳ ಎರಡನೇ ಅರ್ಧ. ಮೊದಲರ್ಧ ಏನಾಗಿರಬಹುದು ಎಂದು ಮನೆಗೆ ಹೋಗಿ ನಾನೇ ಕಟ್ಟಿಕೊಳ್ಳುತ್ತಿದ್ದೆ. ಈಗ ಸಿನಿಮಾ ಬಗ್ಗೆ ಬರೆದೇ ಹೊಟ್ಟೆ ಹೊರೆಯುತ್ತಿರುವುದಕ್ಕೆ ಅದೇ ಕಾರಣವಿದ್ದೀತು.

ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ದಶಕದ ಹತ್ತು ಅತ್ಯುತ್ತಮ ಸಿನಿಮಾಗಳ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದೇನೆ. ಕ್ಯಾಮೆರಾ ಸ್ಟುಡಿಯೋ ಬಿಟ್ಟು ಬೀದಿಗೆ ಇಳಿದ ಕಾಲ ಅದು. ಬಣ್ಣ ಹಚ್ಚದ ಮುಖಗಳು, ಹಾಡಿಲ್ಲದ ಕಥೆಗಳು ಬಂದವು. ಆ ಸಿನಿಮಾಗಳನ್ನು ಯಾರು ಹೇಗೆ ಮಾಡಿದರು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವು ಓಡುವಾಗ ಜನ ಏನು ಮಾಡುತ್ತಿದ್ದರು ಎಂದು ನೋಡಿದ್ದು ಕ್ಯಾಬಿನ್ನಿನ ಕಿಂಡಿಯಲ್ಲಿದ್ದ ನೀವು. ನೆನಪಿದ್ದಷ್ಟು ಬರೆದು ಕಳಿಸಿ.

ಪಟ್ಟಿಯಲ್ಲಿ ಮೊದಲನೆಯದು ಯಾವುದು ಗೊತ್ತಾ? ನಮ್ಮ ಥಿಯೇಟರಿನಲ್ಲಿ ಒಂದೇ ವಾರ ಓಡಿದ ಆ ಬಸ್ಸಿನ ಸಿನಿಮಾ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹುಡುಗಿ, 'ಕೆಲಸ ಬಿಡು' ಎನ್ನುವ ಗಂಡನ ಮನೆ, ಒಂದು ಬೆಳಿಗ್ಗೆ ಪೆಟ್ಟಿಗೆ ಹಿಡಿದು ಅವಳು ಬಸ್ಸು ಹತ್ತುವುದು. ನಾನು ಮೊದಲಿಂದ ಕೊನೆಯವರೆಗೆ ಕೂತು ನೋಡಿದ ಮೊದಲ ಸಿನಿಮಾ ಅದು. ಬುಧವಾರದ ಮ್ಯಾಟಿನಿ. ಬಸ್ಸು ತಿರುವಿನಲ್ಲಿ ಮರೆಯಾಗುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ಆ ಕಾಲಕ್ಕೆ ಅಂಥ ಮುಕ್ತಾಯ ಕೊಡಲು ಎಷ್ಟು ಗುಂಡಿಗೆ ಬೇಕು ಎಂದು ಮೂವತ್ತು ವರ್ಷದಿಂದ ಬರೆಯುತ್ತಲೇ ಇದ್ದೇನೆ. ಪ್ರಿಂಟು ಎಲ್ಲೂ ಉಳಿದಿಲ್ಲ. ಅದನ್ನು ನೋಡಿದ ಒಬ್ಬಿಬ್ಬರು ಹಳಬರು, ಅವಳು ವಾಪಸು ಬರುತ್ತಾಳಲ್ಲ ಎನ್ನುತ್ತಾರೆ. ಪಾಪ, ನೆನಪು ಕೈಕೊಟ್ಟಿದೆ. ಅವತ್ತು ಮುಂದಿನ ಸಾಲಿನಲ್ಲಿದ್ದ ಕುಡುಕನೊಬ್ಬ "ಇನ್ನೂ ಇದೆ, ಇನ್ನೂ ಇದೆ" ಎಂದು ಕೂಗಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಅವಳ ಬದುಕು ಇನ್ನೂ ಇದೆ ಎಂದು ಅವನೊಬ್ಬನಿಗೆ ಅರ್ಥವಾಗಿತ್ತು! ನನ್ನ ಲೇಖನಕ್ಕೆ ಅದನ್ನೇ ಹೆಸರಿಟ್ಟಿದ್ದೇನೆ.

ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಮಂಡಿ ನೋವು ಬಿಟ್ಟರೆ ಗಟ್ಟಿ. ನಿಮಗೆ ಬರೆಯುತ್ತಿದ್ದೇನೆ ಎಂದಾಗ, "ಕೇಳ್ದೆ ಅಂತ ಬರಿ" ಎಂದಳು.

ನಿಮ್ಮ,
ಇಂಟರ್ವಲ್


ಜೂನ್ ೧೪

ಇಂಟರ್ವಲ್‌ಗೆ ಆಶೀರ್ವಾದಗಳು.

ನಿನ್ನ ಕಾಗದ ಎರಡಲ್ಲ, ನಾಲ್ಕು ಸಲ ಓದಿದೆ. ಇಷ್ಟು ದೊಡ್ಡ ಹೆಸರು ಮಾಡಿದವಳು ನಾನಿಟ್ಟ ಅಡ್ಡಹೆಸರಿನಲ್ಲೇ ಸಹಿ ಹಾಕಿದ್ದೀಯ. ಮಗಳಿಗೂ ಅಳಿಯನಿಗೂ ತೋರಿಸಿ ಸ್ವಲ್ಪ ಜಂಬ ಕೊಚ್ಚಿಕೊಂಡೆ.

ಆ ಕಾಲದ ಸಿನಿಮಾ ಎಂದೆಯಲ್ಲ, ನಿಮ್ಮಂಥವರಿಗೆ ಅದು ಹೊಸ ಅಲೆ, ನನಗೆ ದಿನಾ ಬೈಗುಳ. ಮನೆಯೊಳಗೆ ಇದ್ದಷ್ಟೇ ಬೆಳಕಿನಲ್ಲಿ ಚಿತ್ರ ತೆಗೆದಿರುತ್ತಿದ್ದರು. ಜನ ಕ್ಯಾಬಿನ್ ಕಡೆ ತಿರುಗಿ "ಲೈಟ್ ಹಾಕೋ" ಎಂದು ಕೂಗುತ್ತಿದ್ದರು. ಒಂದರಲ್ಲಿ ಮುದುಕನೊಬ್ಬ ಐದು ನಿಮಿಷ ಮಾತಿಲ್ಲದೆ ಚಪ್ಪಲಿ ಹೊಲಿಯುತ್ತಾನೆ. ಸೌಂಡ್ ಹೋಯಿತು ಎಂದು ಇಡೀ ಬಾಲ್ಕನಿ ಸಿಳ್ಳೆ ಹೊಡೆಯಿತು. ನಾನೂ ಮೊದಲ ದಿನ ಗಾಬರಿಯಾಗಿ ವೈರೆಲ್ಲ ಎಳೆದು ನೋಡಿದೆ. ಮೂರನೇ ದಿನಕ್ಕೆ ಆ ಮುದುಕನ ಸೂಜಿ ಚರ್ಮ ತೂರುವ ಸದ್ದು ನನಗೆ ಕೇಳತೊಡಗಿತು. ಏಳನೇ ದಿನ ಫಿಲ್ಮಿನ ಡಬ್ಬ ಕಟ್ಟುವಾಗ ಮನಸ್ಸಿಗೆ ಬೇಜಾರಾಯಿತು. ಹೀಗೆ ಬೈಯುತ್ತ ಬೈಯುತ್ತಲೇ ನನ್ನ ಕಣ್ಣು ತೆರೆಸಿದವು ಅವು. ಆ ಹತ್ತು ವರ್ಷ ಕ್ಯಾಬಿನ್ನಿನಲ್ಲಿ ನಿಂತಿದ್ದು ನನ್ನ ಪುಣ್ಯ. ನಿನ್ನ ಪುಸ್ತಕದಲ್ಲಿ ಚಪ್ಪಲಿ ಹೊಲಿಯುವವನು ಇರಲಿ. ಗಿರಣಿ ಮುಚ್ಚಿದ ಮೇಲೂ ಸೈರನ್ನಿಗೆ ಏಳುವ ಊರಿನ ಕಥೆಯೊಂದಿತ್ತು, ಅದೂ ಇರಲಿ.

ಬಸ್ಸಿನ ಸಿನಿಮಾ ಮಾತ್ರ ಬೇಡ. ಮೊದಲನೆಯದು ಹಾಗಿರಲಿ, ಹತ್ತನೆಯದಾಗಿಯೂ ಬೇಡ. ಸೌಂಡ್ ಕಳಪೆ, ಎರಡನೇ ರೀಲಿನಲ್ಲಿ ಫೋಕಸ್ಸೂ ಇರಲಿಲ್ಲ. ನನ್ನ ಮಾತು ಕೇಳು, ಅದನ್ನು ಬಿಟ್ಟುಬಿಡು.

ಗೇಟಕ್ಕನಿಗೆ ನಾನೂ ಕೇಳಿದೆ ಎಂದು ಹೇಳು. ಮಂಡಿಗೆ ಬಿಸಿನೀರಿನ ಶಾಖ ಕೊಡಲಿ.

ಇತಿ,
ಆಪರೇಟರ್


ಜುಲೈ ೨

ಪ್ರೀತಿಯ ಮಾಮ,

ನಿಮ್ಮ ಸೂಜಿಯ ಸದ್ದು ನನ್ನ ಪುಸ್ತಕದ ಎರಡನೇ ಅಧ್ಯಾಯಕ್ಕೆ ಸೇರಿತು, ನಿಮ್ಮ ಹುದ್ದೆಯ ಸಮೇತ. ಬಸ್ಸಿನ ಸಿನಿಮಾದ ಮೇಲೆ ನಿಮಗೇಕೆ ಇಷ್ಟು ಹಗೆ? ಫೋಕಸ್ ಇಲ್ಲದ ಸಿನಿಮಾವನ್ನು ಆಪರೇಟರುಗಳು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದು ಕಾಣುತ್ತದೆ.

ಆ ಸಿನಿಮಾದ ಅಧ್ಯಾಯದ ಕರಡು ಇದರ ಜೊತೆ ಇದೆ, ಓದಿ ನೋಡಿ. ಅವತ್ತಿನ ನನ್ನ ಪರಿಸ್ಥಿತಿ ನಿಮಗೆ ಗೊತ್ತಿರಲಾರದು. ದೂರದ ಊರಿನ ಕಾಲೇಜಿನಿಂದ ಸೀಟು ಸಿಕ್ಕಿದೆ ಎಂಬ ಕಾಗದ ಬಂದಿತ್ತು. ಅದೇ ವಾರ ಅಪ್ಪ ಬಟ್ಟೆ ಅಂಗಡಿಯವರ ಮನೆಗೆ ನನ್ನನ್ನು ಕೊಡುವ ಮಾತಾಡಿದ್ದರು. ಹುಡುಗಿ ಮುಂದೆ ಓದುವುದು ಬೇಡ ಎಂದು ಅವರ ಷರತ್ತು. ಬುಧವಾರ ಸಂಜೆಯೊಳಗೆ ನಾನು ಹೂಂ ಎನ್ನಬೇಕಿತ್ತು. ಅನ್ನುವವಳೂ ಇದ್ದೆ. ಮಧ್ಯಾಹ್ನ ಅಮ್ಮ ಅದೇನು ನೆನೆಸಿಕೊಂಡಳೋ, ಕೈಗೆ ಒಂದು ಟಿಕೆಟ್ ಕೊಟ್ಟು, "ಮದುವೆ ಆದ್ಮೇಲೆ ಸಿನಿಮಾ ಗಿನಿಮಾ ಎಲ್ಲಿ, ಇದೊಂದನ್ನ ಮೊದ್ಲಿಂದ ನೋಡ್ಬಿಡು" ಎಂದಳು. ನೋಡಿದೆ. ಅಲ್ಲಿಂದ ನೇರ ಮನೆಗೆ ಹೋಗಿ ಅಪ್ಪನ ಮುಂದೆ ನಿಂತು ಈ ಮದುವೆ ಬೇಡ ಎಂದೆ. ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು, ತುಟಿ ಬಿಚ್ಚಲಿಲ್ಲ. ಕರಡಿನಲ್ಲಿ ಒಂದು ಸಾಲು ಬರೆದಿದ್ದೇನೆ: 'ಮನೆಯಲ್ಲಿ ನನ್ನ ಪರವಾಗಿ ಒಬ್ಬರೂ ಇರಲಿಲ್ಲ, ಒಂದು ಸಿನಿಮಾ ಇತ್ತು.' ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು ಇದು.

ಅಮ್ಮನಿಗೂ ಓದಿ ಹೇಳಿದೆ. ಬಟ್ಟೆ ಮಡಿಸುತ್ತ ಕೇಳಿಸಿಕೊಂಡಳು. "ಚೆನ್ನಾಗಿದೆ" ಎಂದಳು. ಇನ್ನೊಂದು ಸೀರೆ ಮಡಿಸಿಟ್ಟು, "ಭಾಷೆ ಚೆನ್ನಾಗಿದೆ" ಎಂದಳು.

ಇನ್ನೊಂದು ಸುದ್ದಿ. ನಿಮ್ಮ ಹೊಟ್ಟೆ ಉರಿಯಬಹುದು. ಮುಚ್ಚಿಹೋದ ಒಂದು ಲ್ಯಾಬಿನ ಗೋದಾಮಿನಲ್ಲಿ ಬಸ್ಸಿನ ಸಿನಿಮಾದ ಪ್ರಿಂಟ್ ಸಿಕ್ಕಿದೆ. ಹನ್ನೆರಡು ಡಬ್ಬ, ಒಂದೂ ಕಡಿಮೆ ಇಲ್ಲ. ಫಿಲ್ಮ್ ಸಂಗ್ರಹಾಲಯದವರು ಶುಚಿ ಮಾಡುತ್ತಿದ್ದಾರೆ. ಇಪ್ಪತ್ತೈದಕ್ಕೆ ನನಗೆ ತೋರಿಸುತ್ತಾರೆ. ನವೆಂಬರಿನಲ್ಲಿ ಹತ್ತೂ ಸಿನಿಮಾ ಜನರಿಗೆ ಹಾಕುತ್ತಾರೆ. ಮೂವತ್ತು ವರ್ಷ ವಾದ ಮಾಡಿದ್ದಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತು.

ನಿಮ್ಮ,
ಇಂಟರ್ವಲ್


ಜುಲೈ ೯

ಇಂಟರ್ವಲ್‌ಗೆ,

ಕಾಗದ ಈಗ ತಾನೇ ಬಂತು. ಅಂಚೆಯವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಉತ್ತರ ಬರೆಯುತ್ತಿದ್ದೇನೆ.

ಹಳೇ ಫಿಲ್ಮ್ ಹುಷಾರು. ಡಬ್ಬ ತೆಗೆದ ಕೂಡಲೇ ಹುಳಿ ವಾಸನೆ ಬರುತ್ತದೆ, ಕಣ್ಣು ಉರಿಯುತ್ತದೆ. ನಿನಗೂ ವಯಸ್ಸಾಯಿತು. ಎಲ್ಲಕ್ಕಿಂತ ಕೊನೆಯ ಡಬ್ಬ ಬೇಗ ಹಾಳಾಗುತ್ತದೆ. ಅದನ್ನು ಮಷೀನಿಗೆ ಹಾಕಲೇಬೇಡಿ ಎಂದು ಅಲ್ಲಿಯವರಿಗೆ ನನ್ನ ಹೆಸರಿನಲ್ಲಿ ಹೇಳು. ಬೇಕಿದ್ದರೆ ಹನ್ನೊಂದು ಡಬ್ಬ ನೋಡಿ ಎದ್ದು ಬಾ. ಕಥೆ ನಿನಗೆ ಗೊತ್ತೇ ಇದೆಯಲ್ಲ.

ಆ ಸಾಲು ಅಚ್ಚಾಗಲೇಬೇಕೇ? ಮನೆಯಲ್ಲಿ ನನ್ನ ಪರವಾಗಿ ಒಬ್ಬರೂ ಇರಲಿಲ್ಲ ಎನ್ನುವುದು. ಭಾಷೆ ಚೆನ್ನಾಗಿದೆ, ಒಪ್ಪಿದೆ. ಆದರೂ ಇನ್ನೊಂದು ಸಲ ಯೋಚನೆ ಮಾಡು.

ಇತಿ,
ಆಪರೇಟರ್


ಜುಲೈ ೨೬

ಮಾಮ,

ನಿನ್ನೆ ನೋಡಿದೆ. ಹನ್ನೆರಡು ಡಬ್ಬವನ್ನೂ ನೋಡಿದೆ.

ಬಸ್ಸು ತಿರುವಿನಲ್ಲಿ ಮರೆಯಾಗುತ್ತದೆ. ಆಮೇಲೆ ಇನ್ನೂ ನಾಲ್ಕು ನಿಮಿಷ ಇದೆ. ಮುಂದಿನ ಸ್ಟಾಪಿನಲ್ಲಿ ಅವಳು ಇಳಿಯುತ್ತಾಳೆ. ಪೆಟ್ಟಿಗೆ ಹೊತ್ತು ಅದೇ ದಾರಿಯಲ್ಲಿ ವಾಪಸು ನಡೆಯುತ್ತಾಳೆ. ಮಾವನ ಮುಂದೆ ನಿಂತು ತಪ್ಪಾಯಿತು ಎನ್ನುತ್ತಾಳೆ. ಅಡುಗೆಮನೆಗೆ ಹೋಗಿ ಒಲೆ ಹಚ್ಚುತ್ತಾಳೆ. ಗಂಡ ನಗುತ್ತಾನೆ. ಅಲ್ಲಿಯವರೆಗೆ ಇಲ್ಲದ ಸಂಗೀತ ಆಗ ಶುರುವಾಗುತ್ತದೆ, ಪಿಟೀಲಿನ ಮೇಲೆ ಪಿಟೀಲು.

ನನ್ನ ಪಕ್ಕ ಕೂತಿದ್ದ ಸಂಗ್ರಹಾಲಯದ ಅಧಿಕಾರಿ ನನ್ನ ಲೇಖನಗಳನ್ನೆಲ್ಲ ಓದಿದವರು. ದೀಪ ಹತ್ತಿದಾಗ ಸೌಜನ್ಯಕ್ಕೆ ಚಪ್ಪಲಿ ಹುಡುಕುವವರಂತೆ ಬಗ್ಗಿ ಕೂತರು.

ನಿಮಗೆ ಗೊತ್ತಿತ್ತು. ಕೊನೆಯ ಡಬ್ಬ ಹಾಕಬೇಡ ಎಂದು ಬರೆದಿದ್ದೀರಿ. ಗೊತ್ತಿದ್ದೂ ನೇರವಾಗಿ ಹೇಳಲಿಲ್ಲ. ಯಾಕೆ?


ಆಗಸ್ಟ್ ೨೧

ಮಾಮ,

ನಾಲ್ಕು ವಾರವಾದರೂ ನಿಮ್ಮ ಉತ್ತರವಿಲ್ಲ. ಹುಷಾರಿಲ್ಲವೋ ಏನೋ ಎಂದು ನಿಮ್ಮ ಮಗಳಿಗೆ ಫೋನ್ ಮಾಡಿದೆ. "ಚೆನ್ನಾಗೇ ಇದಾರೆ, ದಿನಾ ಬರೀತಾರೆ, ದಿನಾ ಹರಿದು ಹಾಕ್ತಾರೆ" ಎಂದರು. ಕೋಪದಲ್ಲಿ ಬರೆದಿದ್ದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಪುಸ್ತಕ ನಿಲ್ಲಿಸಿ ಎಂದು ಪ್ರಕಾಶಕರಿಗೆ ಹೇಳಿದ್ದೇನೆ. ಹೋದ ವಾರ ಡಾಕ್ಟರ ಹತ್ತಿರವೂ ಹೋಗಿದ್ದೆ. ಇಲ್ಲದ್ದನ್ನು ನೋಡಿದ ಹಾಗೆ ನೆನಪಿರುವುದು ಕಾಯಿಲೆಯೇ ಎಂದು ಕೇಳಿದೆ. ಅವರು ಒಂದಷ್ಟು ಲೆಕ್ಕ ಕೇಳಿ, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿ, "ಚೆನ್ನಾಗೇ ಇದೀರಲ್ಲ" ಎಂದು ಕಳಿಸಿದರು. ಚಿಕ್ಕಂದಿನಲ್ಲಿ ಮೊದಲರ್ಧ ಕಟ್ಟಿಕೊಳ್ಳುತ್ತಿದ್ದವಳು ಅವತ್ತು ಕೊನೆಯನ್ನೂ ನಾನೇ ಕಟ್ಟಿಕೊಂಡೆನೇ? ಅದೇ ಆಗಿದ್ದರೆ ನಾನು ಬರೆದಿದ್ದು ಹಾಳಾಗಲಿ, ಅಪ್ಪನ ಮುಂದೆ ನಿಂತು ಬೇಡ ಎಂದದ್ದು ಯಾವುದರ ಬಲದಿಂದ? ಆ ಹುಡುಗಿಯೇ ವಾಪಸು ಬಂದಿದ್ದಾಳೆ. ಅವಳನ್ನು ನಂಬಿ ಮನೆ ಬಿಟ್ಟು ಬಂದವಳು ನಾನೊಬ್ಬಳೇ.

ಅಪ್ಪ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ಸರಿಹೋದರು, ಸಾಯುವ ಮುಂಚೆ ನನ್ನ ಲೇಖನಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಅಮ್ಮನಿಗೆ ಈ ಪ್ರಿಂಟಿನ ವಿಷಯ ಏನೂ ಹೇಳಿಲ್ಲ. ಪುಸ್ತಕ ಏನಾಯಿತು ಎಂದು ಎರಡು ಸಲ ಕೇಳಿದಳು, ತಡವಾಗುತ್ತದೆ ಎಂದೆ.

ಜಗಳಕ್ಕಾಗಿ ಕೇಳುತ್ತಿಲ್ಲ. ಆ ಬುಧವಾರ ನಾನು ಏನು ನೋಡಿದೆ? ನನಗೆ ಅದಿಷ್ಟು ಗೊತ್ತಾದರೆ ಸಾಕು.

ಇಂಟರ್ವಲ್


ಆಗಸ್ಟ್ ೨೭

ಮಗಳೇ,

ಡಾಕ್ಟರ ಹತ್ತಿರ ಹೋಗಿದ್ದೆ ಎಂದು ಓದಿದ ಕೂಡಲೇ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನ ತಲೆ ನೆಟ್ಟಗಿದೆ. ನೀನು ನೋಡಿದ್ದು ನಿಜ. ನಾನು ಒಬ್ಬರಿಗೆ ಕೊಟ್ಟ ಮಾತನ್ನು ಇವತ್ತು ಮುರಿಯುತ್ತಿದ್ದೇನೆ. ಬೇಗ ಮುರಿಯದೆ ಹೋದೆ ಎಂಬುದೇ ನನ್ನ ಸಂಕಟ.

ಆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಕ್ಯಾಬಿನ್ನಿನಲ್ಲಿ ಲೆನ್ಸ್ ಒರೆಸುತ್ತಿದ್ದೆ. ಕಬ್ಬಿಣದ ಮೆಟ್ಟಿಲಿನ ಮೇಲೆ ಯಾರೋ ಹತ್ತುವ ಸದ್ದಾಯಿತು. ನೋಡಿದರೆ ನಿನ್ನಮ್ಮ. ಹದಿನೈದು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದ್ದೆವು, ಒಂದು ದಿನವೂ ಅವರು ಮೇಲೆ ಬಂದಿರಲಿಲ್ಲ. ಉಸಿರು ಬಿಡಲೂ ನಿಲ್ಲದೆ, "ಆಪರೇಟ್ರೇ, ಇವತ್ತು ಮ್ಯಾಟಿನಿಗೆ ನನ್ನ ಮಗಳು ಬರ್ತಾಳೆ. ಬಸ್ಸು ತಿರುಗಿದ ಮೇಲೆ ನಿಲ್ಲಿಸ್ಬಿಡಿ" ಎಂದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಏನನ್ನು ನಿಲ್ಲಿಸಬೇಕು ಎಂದು ಕೇಳಿದೆ.

"ಸಿನಿಮಾನ. ಆ ಹುಡುಗಿ ವಾಪಸ್ ಬರೋದನ್ನ ಐದು ದಿನದಿಂದ ನೋಡ್ತಾ ಇದೀನಿ. ದಿನಾ ಬಸ್ಸು ಹೊರಟಾಗ, ಇವತ್ತಾದ್ರೂ ಹೋಗ್ಲಿ ಅನ್ಕೋತೀನಿ, ದಿನಾ ವಾಪಸ್ ಬರ್ತಾಳೆ. ಅದನ್ನ ನನ್ನ ಮಗಳಿಗೆ ತೋರ್ಸಕ್ಕೆ ನಂಗಿಷ್ಟ ಇಲ್ಲ."

ಅಷ್ಟಿದ್ದರೆ ನೀವೇ ಅವಳಿಗೆ ಓದಲು ಹೋಗು ಎಂದು ಹೇಳಬಹುದಲ್ಲ ಎಂದೆ. ಅದಕ್ಕೆ ನಿನ್ನಮ್ಮ ಹೇಳಿದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ನಾನು ಹೇಳಿದ್ರೆ ಅದು ಅಮ್ಮನ ಮಾತಾಗತ್ತೆ. ನಾಳೆ ಅಲ್ಲಿ ಕಷ್ಟ ಬಂದ್ರೆ, ಅಮ್ಮ ಹೇಳಿದ್ಲು ಅಂತ ಹೋದೆ ಅಂತಾಳೆ, ವಾಪಸ್ ಬರ್ತಾಳೆ. ಅವಳೇ ನೋಡ್ಲಿ, ಅವಳೇ ಎದ್ದು ಹೋಗ್ಲಿ." ಇಳಿಯುವಾಗ ತಿರುಗಿ, "ಇದು ನಿಮ್ಮಲ್ಲೇ ಇರ್ಲಿ, ಅವಳಿಗೆ ಯಾವತ್ತೂ ಗೊತ್ತಾಗ್ಬಾರ್ದು" ಎಂದರು. ಹೂಂ ಎಂದೆ.

ಮ್ಯಾನೇಜರು ಊರಲ್ಲಿರಲಿಲ್ಲ. ಕೆಳಗೆ ಇಪ್ಪತ್ತಮೂರು ಜನ ಇದ್ದರು, ಕಿಂಡಿಯಿಂದ ಎಣಿಸಿದ್ದೆ. ನೀನು ಹೆಂಗಸರ ಸಾಲಿನಲ್ಲಿ ಮೂರನೇ ಕುರ್ಚಿಯಲ್ಲಿದ್ದೆ. ಬಸ್ಸು ತಿರುವಿಗೆ ಬಂತು, ಹಿಂದಿನ ನಂಬರ್ ಪ್ಲೇಟು ಮರೆಯಾಯಿತು, ನಾನು ಮಷೀನಿನ ಬೆಳಕು ಮುಚ್ಚಿ ಹಾಲಿನ ಲೈಟು ಹಾಕಿದೆ. ಅದೇ ಗಳಿಗೆಯಲ್ಲಿ ನಿನ್ನಮ್ಮ ಎರಡೂ ಬಾಗಿಲು ತೆಗೆದರು. ಒಂದು ಕ್ಷಣ ಹಿಂದೆಮುಂದೆ ಆಗಲಿಲ್ಲ, ಮೇಲೊಬ್ಬರು ಕೆಳಗೊಬ್ಬರು ಇದ್ದರೂ.

ಮುಂದಿನ ಸಾಲಿನವನು ಕುಡುಕನಲ್ಲ. ಪಕ್ಕದ ಬೀದಿಯ ದರ್ಜಿ, ಬಹಳ ಸಭ್ಯಸ್ಥ. ಹಿಂದಿನ ದಿನವೇ ಸಿನಿಮಾ ನೋಡಿದ್ದ. ಅದಕ್ಕೇ "ಇನ್ನೂ ಇದೆ" ಎಂದು ಕೂಗಿದ್ದು. ನಿನ್ನಮ್ಮ ಅವನ ತೋಳು ಹಿಡಿದು, "ನೀವು ನೋಡಾಗಿದೆಯಲ್ಲ, ಸಾಕು ನಡೀರಿ" ಎಂದು ಹೊರಗೆ ಕಳಿಸಿದರು. ಮ್ಯಾನೇಜರು ಊರಿಗೆ ಬಂದ ಮೇಲೆ ಅವನು ದೂರು ಕೊಟ್ಟ. ಫಿಲ್ಮ್ ತುಂಡಾಯಿತು ಎಂದು ನಾನು ದಿನಚರಿ ಪುಸ್ತಕದಲ್ಲಿ ಬರೆದೆ. ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಫಿಲ್ಮೂ ತುಂಡಾಗಿಲ್ಲ. ಪುಸ್ತಕದಲ್ಲಿ ಮಾತ್ರ ಒಂದು ಇದೆ.

ಸಂಜೆಯ ಆಟಕ್ಕೆ ಪೂರ್ತಿ ಹಾಕಿದೆ. ಆ ಹುಡುಗಿ ಮಾಮೂಲಿನಂತೆ ವಾಪಸು ಬಂದಳು. ನೀನು ಬರಲಿಲ್ಲ.

ಈಗ ಆ ಸಾಲನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ನಿನ್ನಮ್ಮ ಅದನ್ನು ಕೇಳಿಸಿಕೊಂಡು ಬಟ್ಟೆ ಮಡಿಸಿದರು ಎಂದು ಬರೆದಿದ್ದೆಯಲ್ಲ, ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ನಾನು ಹೇಳಿದೆ ಎಂದು ಮಾತ್ರ ಅವರಿಗೆ ಹೇಳಬೇಡ.

ಇತಿ,
ಆಪರೇಟರ್


ನವೆಂಬರ್ ೧೨

ಪ್ರೀತಿಯ ಮಾಮ,

ಎರಡೂವರೆ ತಿಂಗಳು ನಿಮ್ಮನ್ನು ಕಾಯಿಸಿದೆ, ಕ್ಷಮಿಸಿ. ಬರೆಯಲು ಕೂತಾಗಲೆಲ್ಲ ಅಳು ಬಂದು ಏಳುತ್ತಿದ್ದೆ. ನಿಮ್ಮ ಕಾಗದ ಬಂದ ದಿನ ಅಮ್ಮ ಹಿತ್ತಿಲಲ್ಲಿ ಕೂತು ಬಿಸಿಲು ಕಾಯುತ್ತಿದ್ದಳು. ಹೋಗಿ ಪಕ್ಕ ಕೂತೆ. "ಏನೇ?" ಎಂದಳು. ಏನಿಲ್ಲ ಎಂದೆ. ನಾನು ನಿಮಗೆ ಮಾತು ಕೊಡದಿದ್ದರೂ ನಡೆಸಿದೆ, ನೋಡಿ.

ನಲವತ್ತು ವರ್ಷ ನನಗೆ ಅಮ್ಮನ ಮೇಲೆ ಒಂದು ಸಣ್ಣ ಮುನಿಸಿತ್ತು. ಅವತ್ತು ಅವಳು ಒಂದು ಮಾತು ಆಡಬಹುದಿತ್ತು ಎಂದು. ಈಗ ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ದೊಡ್ಡ ದೊಡ್ಡ ನಿರ್ದೇಶಕರ ಧೈರ್ಯದ ಬಗ್ಗೆ ಪುಟಗಟ್ಟಲೆ ಬರೆದವಳಿಗೆ, ನನ್ನ ಮನೆಯಲ್ಲೇ ಇದ್ದ, ಟಿಕೆಟ್ ಹರಿಯುತ್ತಿದ್ದವಳ ಧೈರ್ಯ ಕಾಣಲಿಲ್ಲ. ನಿಮ್ಮ ಧೈರ್ಯವೂ ಕಾಣಲಿಲ್ಲ. ನನಗೋಸ್ಕರ ನಿಮ್ಮ ಕೆಲಸಕ್ಕೆ ನೀವೇ ಕಪ್ಪು ಚುಕ್ಕೆ ಇಟ್ಟುಕೊಂಡಿರಿ. ಮಾಮ, ನಾನು ಓದಿದ್ದು, ಬರೆದದ್ದು, ಇವತ್ತು ಈ ಮೇಜಿನ ಮುಂದೆ ಕೂತಿರುವುದು, ಎಲ್ಲ ನೀವಿಬ್ಬರೂ ಹಾಕದೆ ಬಿಟ್ಟ ಆ ನಾಲ್ಕು ನಿಮಿಷದ ಕೊಡುಗೆ. ಇದಕ್ಕೆ ಏನು ಹೇಳಿದರೂ ಕಡಿಮೆಯೇ.

ಪುಸ್ತಕ ಮತ್ತೆ ಶುರುವಾಗಿದೆ. ಆ ಸಾಲು ಹೊಡೆದು ಹಾಕಿದೆ. ಹೆಸರು ಬದಲಾಗಿದೆ: 'ಒಂಬತ್ತು ಸಿನಿಮಾ, ಒಂದು ಮ್ಯಾಟಿನಿ'. ಆ ದಶಕದ ಅತ್ಯುತ್ತಮ ಚಿತ್ರ ಒಂದೇ ಒಂದು ಆಟ ಕಂಡಿತು, ಇಪ್ಪತ್ತಮೂರು ಜನ ನೋಡಿದರು ಎಂದು ಕೊನೆಯ ಅಧ್ಯಾಯ ಆರಂಭವಾಗುತ್ತದೆ. ಮುಂದಿನದನ್ನು ಬರೆಯಲು ಇಬ್ಬರ ಒಪ್ಪಿಗೆ ಬೇಕು. ದರ್ಜಿಯ ಕ್ಷಮೆಯನ್ನಂತೂ ಆ ಅಧ್ಯಾಯದಲ್ಲೇ ಕೇಳಿದ್ದೇನೆ.

ನಿನ್ನೆ ಸಂಗ್ರಹಾಲಯದವರು ಬಸ್ಸಿನ ಸಿನಿಮಾವನ್ನು ಜನರಿಗೆ ಹಾಕಿದರು. ಮಧ್ಯಾಹ್ನದ ಆಟ. ಅಮ್ಮನನ್ನು ಕರೆದುಕೊಂಡು ಹೋದೆ. ಬೂದು ಬಣ್ಣದ ಸೀರೆ ಉಟ್ಟು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಹೊರಟಳು. ಒಳಗೆ ಹೋದವಳೇ ಎಷ್ಟು ಬಾಗಿಲು ಎಂದು ಎಣಿಸಿದಳು. "ಎರಡೇ ಇದೆ, ಸಾಲದು" ಎಂದಳು. ಅರ್ಧ ಸಿನಿಮಾ ಮುಗಿದಾಗ ನನ್ನ ಕಡೆ ಬಾಗಿ, "ಫೋಕಸ್ ಪರವಾಗಿಲ್ಲ" ಎಂದಳು.

ಸಿನಿಮಾದ ಹುಡುಗಿ ಪೆಟ್ಟಿಗೆ ಹಿಡಿದು ಬೀದಿಗೆ ಬಂದಳು. ಬಸ್ಸು ಹತ್ತಿದಳು. ನಾನು ಪರದೆ ನೋಡದೆ ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಬಸ್ಸು ತಿರುವಿಗೆ ಬರುತ್ತಿದ್ದಂತೆ ಅಮ್ಮ ನನ್ನ ಕೈ ಹಿಡಿದಳು.

"ಏಳು, ಮುಗೀತು."

ಎದ್ದೆ. ಕತ್ತಲಲ್ಲಿ ಅವಳು ಮುಂದೆ, ನಾನು ಹಿಂದೆ. ಮಂಡಿ ನೋವಿನವಳು ಎಲ್ಲೂ ತಡವರಿಸದೆ ನೇರ ಬಾಗಿಲಿಗೆ ಹೋದಳು. ಅಲ್ಲಿ ನಿಂತಿದ್ದ ಹೆಂಗಸು, "ಅಮ್ಮಾ, ಇನ್ನೂ ಇದೆ" ಎಂದಳು.

"ಇರ್ಲಿ ಬಿಡಮ್ಮ. ನೋಡೋರು ನೋಡ್ಲಿ" ಎಂದು ಅಮ್ಮ ತಾನೇ ಬಾಗಿಲು ತಳ್ಳಿದಳು.

ಹೊರಗೆ ಬಿಸಿಲಿತ್ತು, ಅವತ್ತಿನ ಹಾಗೆಯೇ. ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ನಾನು ಏನೂ ಕೇಳಲಿಲ್ಲ, ಅವಳ ಕೈಯನ್ನೂ ಬಿಡಲಿಲ್ಲ. ಅವಳು ಎದುರಿನ ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತ ಕೂತಿದ್ದಳು.

"ಆಪರೇಟ್ರಿಗೆ ಮತ್ತೆ ಯಾವಾಗ ಕಾಗದ ಬರೀತೀಯ?" ಎಂದು ಕೇಳಿದಳು.

"ನಾಳೆ ಬರೀತೀನಮ್ಮ."

"ಅವತ್ತು ಲೈಟು ಸರಿಯಾದ ಹೊತ್ತಿಗೆ ಹಾಕಿದ್ರು, ನಾನು ಹೇಳೋಕೆ ಆಗ್ಲಿಲ್ಲ ಅಂತ ಬರಿ."

ಬರೆದಿದ್ದೇನೆ.

ನಿಮ್ಮ,
ಇಂಟರ್ವಲ್